ತಟ್ಟಿನ ಚೀಲ ತಾಳುವ ಬೋರ್ಡು

ರಾಣೇಬೆನ್ನೂರಿನ ಬಸ್ ಸ್ಟ್ಯಾಂಡಿನ ಹತ್ತಿರ ನಾನು ಕೆಲಸಕ್ಕಿದ್ದ ಅಂಗಡಿಯಲ್ಲಿ ಪಂಪಿನ ಸ್ಟಾರ್ಟರ್, ಟೀವಿ, ತೂಕದ ಯಂತ್ರ, ಯಾವುದು ಕೆಟ್ಟರೂ ರಿಪೇರಿಯಾಗುತ್ತಿತ್ತು, ನನ್ನ ಬಾಯಿಯೊಂದನ್ನು ಬಿಟ್ಟು. ಇದು ನಮ್ಮ ಮಾಲಕರ ಮಾತು. ಡಿಪ್ಲೊಮಾ ಮುಗಿಸಿ ಬಂದಿದ್ದ ನನಗೆ ಬೆಸುಗೆ ಹಾಕುವುದಕ್ಕಿಂತ ಅಣಕಿಸುವುದು ಚೆನ್ನಾಗಿ ಬರುತ್ತಿತ್ತು. ಗಿರಾಕಿ ಹೊಸ್ತಿಲು ದಾಟಿದರೆ ಸಾಕು, ಅವರ ಕೆಮ್ಮು, ನಡಿಗೆ, ಮಾತು ಎಲ್ಲ ನನ್ನ ಮೈಮೇಲೆ ಬರುತ್ತಿದ್ದವು. ಮಾಲಕರನ್ನು ಅಣಕಿಸುವಾಗ ಮಾತ್ರ ಮೊದಲು ಹಿಂದಕ್ಕೆ ಒಮ್ಮೆ ನೋಡಿಕೊಳ್ಳುತ್ತಿದ್ದೆ.

ಎಲ್ಲರ ಕಿಸೆಗೂ ಮೊಬೈಲು ಬರತೊಡಗಿದ್ದ ಆ ಕಾಲದಲ್ಲಿ, ಒಂದು ಶುಕ್ರವಾರ, ಬ್ಯಾಡಗಿ ಕಡೆಯ ಹಳ್ಳಿಯ ಅಕ್ಕನೊಬ್ಬಳು ಕೆಟ್ಟ ಸರ್ಕ್ಯೂಟ್ ಬೋರ್ಡೊಂದನ್ನು ತಂದು ನನ್ನ ಮುಂದೆ ಇಟ್ಟಳು. ಅವಳು ತನ್ನ ಹೊಲದಲ್ಲಿ ಮೆಣಸಿನಕಾಯಿ ಒಣಗಿಸುವ ಯಂತ್ರ ಹಾಕಿಸಿದ್ದಳು. ಒಲೆಯ ಬಿಸಿಗಾಳಿಯನ್ನು ಫ್ಯಾನು ತಟ್ಟೆಗಳ ಮೇಲೆ ಹಾಯಿಸುತ್ತದೆ, ಎಷ್ಟು ಬಿಸಿ ಬೇಕೆಂದು ಈ ಬೋರ್ಡು ನೋಡಿಕೊಳ್ಳುತ್ತದೆ. ಬೋರ್ಡು ಸತ್ತರೆ ಕಾಯಿ ಕರ್ರಗಾಗುತ್ತದೆ. ಬ್ಯಾಡಗಿ ಕಾಯಿಯ ಮರ್ಯಾದೆ ಇರುವುದೇ ಅದರ ಬಣ್ಣದಲ್ಲಿ.

"ತಮ್ಮಾ, ಇದು ಎರಡನೇದು. ಮೊದಲನೇದು ಮಷೀನಿನ ಜೋಡಿ ಬಂದಿದ್ದು. ಇದು ನೀ ಮಾಡಿಕೊಟ್ಟಿದ್ದು."

"ಅಕ್ಕಾರ, ಅದು ಹೆಂಗ ಸುಡ್ತೈತ್ರಿ?"

"ನನ್ನ ಕೇಳ್ತಿ? 'ಒಳಗ ಗಾಜಿನ ಬಟ್ಟಿ ಐತ್ರಿ, ಇದಕ್ಕೇನೂ ಆಗಂಗಿಲ್ರಿ' ಅಂತ ಎದಿ ಬಡಕೊಂಡಾಂವ ನೀನ!"

ಅವಳು ನನ್ನ ಎದೆ ಬಡಿತವನ್ನೂ ಮಾಡಿ ತೋರಿಸಿದಳು. ನನ್ನ ಕಸುಬಿಗೇ ಕೈ ಹಾಕಿದ್ದಳು. ಆದರೆ ಕಣ್ಣಲ್ಲಿ ನಗು ಇರಲಿಲ್ಲ. ಅವಳ ಮಾವನವರು ಮೊದಲಿನಿಂದಲೂ ಈ ಯಂತ್ರಕ್ಕೆ ಒಪ್ಪಿರಲಿಲ್ಲವಂತೆ. ಸೂರ್ಯಪ್ಪಗೆ ಎಂದೂ ರಿಪೇರಿ ಬಂದಿಲ್ಲ, ಮೂರನೇ ಸಲ ಕೆಟ್ಟರೆ ಇದನ್ನು ಗುಜರಿಗೆ ಹಾಕುವುದೇ ಎಂದು ಮನೆಯಲ್ಲಿ ಹೇಳಿಬಿಟ್ಟಿದ್ದರು. ಹೊರಗೆ ನೋಡಿದರೆ ಮೋಡ. ಕಣದಲ್ಲಿ ಹರವುವಂತಿಲ್ಲ. ಅರೆಬರೆ ಒಣಗಿದ ಕಾಯಿ ಪಡಸಾಲೆಯಲ್ಲಿ ಬಿದ್ದಿತ್ತು. ಗುರುವಾರದ ಪೇಟೆಗೆ ಅದು ಹೋಗಬೇಕಿತ್ತು.

ಅವಳು ಹೋದ ಮೇಲೆ ಬೋರ್ಡು ತಿರುವಿ ನೋಡಿದೆ. ಮೊದಲನೆಯದು ಕಾಗದದ ಪದರಗಳನ್ನು ಅಂಟಿಸಿ ಮಾಡಿದ ಕಂದು ಬೋರ್ಡು, ಅದು ಕರಕಲಾಗಿದ್ದು ಸಹಜ. ನಾನು ಹಾಕಿದ್ದು ಒಳಗೆ ಗಾಜಿನ ಎಳೆಯ ಬಟ್ಟೆಯಿರುವ ಹಸಿರು ಬೋರ್ಡು. ಅದು ಸುಟ್ಟಿರಲಿಲ್ಲ, ಉಬ್ಬಿತ್ತು. ತೂತುಗಳ ಸುತ್ತ ತಾಮ್ರ ಎದ್ದು ಬಂದಿತ್ತು.

ಶನಿವಾರ ಮುಂಜಾನೆ ಅವ್ವನ ರೊಟ್ಟಿ ಹಂಚಿನ ಮೇಲೆ ಎರಡು ಬಗೆಯ ಬೋರ್ಡಿನ ತುಂಡುಗಳನ್ನೂ ಇಟ್ಟು, ಬಿಸಿ ಅಳೆಯುವ ಮೀಟರಿನ ತಂತಿ ಹಚ್ಚಿದೆ. ಕಂದು ತುಂಡು ಲಗೂನೆ ವಾಸನೆ ಬಿಟ್ಟಿತು.

"ಏ ಹುಚ್ಚಪ್ಪಾ, ನನ್ನ ಹಂಚಿನ್ಯಾಗ ಏನ್ ಸುಡಾಕತ್ತೀಯೋ?"

"ಬೋರ್ಡಿನ ರೊಟ್ಟಿ, ಯವ್ವಾ. ಶೇಂಗಾ ಚಟ್ನಿ ಐತೇನು?"

ಚಟ್ನಿ ಬರಲಿಲ್ಲ, ಹಂಚು ತೆಗೆಯುವ ಇಕ್ಕಳ ಬಂತು. ನಾನೂ ನನ್ನ ಪ್ರಯೋಗವೂ ಹಿತ್ತಲಿಗೆ, ಮೂರು ಕಲ್ಲಿನ ಒಲೆಗೆ, ಸೀಳುಬಿಟ್ಟ ಹಳೇ ಹಂಚಿಗೆ ವರ್ಗವಾದೆವು. ಅಲ್ಲಿ ತಿಳಿದದ್ದು ಇಷ್ಟು: ಹಸಿರು ತುಂಡು ನೂರಿಪ್ಪತ್ತು ಡಿಗ್ರಿಯಲ್ಲೂ ಸೆಟೆದುಕೊಂಡೇ ಇತ್ತು. ನೂರಾನಲವತ್ತು ದಾಟಿದ್ದೇ ತಡ, ಇಕ್ಕಳದಲ್ಲಿ ಹಿಡಿದರೆ ಮೆತ್ತಗೆ ಬಾಗಿತು. ಪ್ರತಿ ಬೋರ್ಡಿಗೂ ಹೀಗೆ ಮೆತ್ತಗಾಗುವ ಒಂದು ಬಿಸಿ ಇರುತ್ತದೆ. ಅದನ್ನು ದಾಟಿದರೆ ಬೋರ್ಡು ದಪ್ಪದಲ್ಲಿ ಉಬ್ಬಿ, ಮೇಲಿನ ತಾಮ್ರವನ್ನು ಹರಿಯುತ್ತದೆ. ಇದನ್ನು ಕಾಲೇಜಿನಲ್ಲಿ ಕಲಿಸಿದ್ದರು. ಆ ದಿನ ನಾನು ಬಹುಶಃ ಮೇಷ್ಟ್ರನ್ನು ಅಣಕಿಸುತ್ತ ಕೂತಿದ್ದೆ.

ಅಂದರೆ ಅಕ್ಕನ ಯಂತ್ರದಲ್ಲಿ ಬೋರ್ಡು ಕೂರುವ ಡಬ್ಬಿಯೊಳಗೆ ನೂರಾನಲವತ್ತಕ್ಕಿಂತ ಹೆಚ್ಚು ಬಿಸಿ! ಹೇಗೆ?

ಭಾನುವಾರ ಆ ಉಬ್ಬಿದ ಬೋರ್ಡನ್ನೇ ತಾತ್ಕಾಲಿಕವಾಗಿ ತಂತಿ ಕಟ್ಟಿ ಬದುಕಿಸಿಕೊಂಡು ಅವಳ ಹೊಲಕ್ಕೆ ಹೋದೆ. ಡಬ್ಬಿ ಒಲೆಯ ಹೊಗೆ ಕೊಳವೆಯ ಪಕ್ಕದಲ್ಲೇ ಇತ್ತು. ಡಬ್ಬಿಯೊಳಗೆ ಮೀಟರಿನ ತಂತಿ ಇಳಿಸಿ ಒಲೆ ಹೊತ್ತಿಸಿದೆವು. ಮೀಟರು ತೊಂಬತ್ತು ತೋರಿಸಿ ನಿಂತಿತು. ಮಧ್ಯಾಹ್ನವಾದರೂ ತೊಂಬತ್ತೇ. ಅಕ್ಕ ನನ್ನನ್ನು ನೋಡಿದಳು, ನಾನು ಮೀಟರನ್ನು ಬಡಿದೆ.

ಹೊತ್ತು ಇಳಿಯುವಾಗ ಮಾವನವರು ಬಂದರು. ಎತ್ತರದ ಅಜ್ಜ, ಹೆಗಲ ಮೇಲೆ ತಟ್ಟಿನ ಚೀಲ, ಅಂದರೆ ಗೋಣಿಚೀಲ. ಯಾರನ್ನೂ ಮಾತಾಡಿಸದೆ ನೇರ ಡಬ್ಬಿಯ ಹತ್ತಿರ ಹೋಗಿ ಚೀಲವನ್ನು ಅದಕ್ಕೆ ಮೂರು ಸುತ್ತು ಸುತ್ತಿ, ಸುತಳಿ ಬಿಗಿದು, ಎಳೆಗೂಸಿಗೆ ದುಪಟಿ ಹೊದಿಸಿದವರಂತೆ ಮೇಲೊಮ್ಮೆ ತಟ್ಟಿದರು. ಮೀಟರಿನ ಅಂಕಿ ಏರತೊಡಗಿತು. ನೂರು. ನೂರಿಪ್ಪತ್ತು. ನೂರಾನಲವತ್ತೈದು.

"ಅಜ್ಜಾರ! ಇದೇನ್ರೀ?"

"ಕುರುಡ ಅದಿಯೇನ್? ತಟ್ಟಿನ ಚೀಲ. ಖಾರದ ಘಾಟು ಒಳಗ ಹೊಕ್ಕರ ಅದಕ್ಕೂ ಕೆಮ್ಮು ಬರ್ತೈತಿ. ಬೋರಿನ ಸ್ಟಾರ್ಟರಿಗೆ ಮೂವತ್ತು ವರ್ಷ ಸುತ್ತೇನಿ, ಒಮ್ಮಿನೂ ಕೆಟ್ಟಿಲ್ಲ."

ಸೊಸೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಮಾವಾರ, ಗುಜರಿಗೆ ಹಾಕ್ತೀನಿ ಅಂತಿದ್ರಿ! ನಾ ಅತ್ಲಾಗ ಹೋದ ಮ್ಯಾಲೆ ದಿನಾ ಹೊದಿಸಿ ಮಲಗಸ್ತೀರೇನು?"

"ಗುಜರಿಗೆ ಹಾಕೂ ತನಾ ಅದು ಮನಿ ಸಾಮಾನ, ಯವ್ವಾ" ಎಂದರು ಅಜ್ಜ, ಮುಖ ಆಚೆ ತಿರುಗಿಸಿ.

ನಾನು ನಕ್ಕು ನಕ್ಕು ಒಲೆಯ ಪಕ್ಕದಲ್ಲೇ ಕುಳಿತೆ. ಚೀಲ ಬಿಚ್ಚಿ ನೋಡಿದರೆ ಹೊರಮೈಯೆಲ್ಲ ಕೆಂಪು ಪುಡಿ. ಡಬ್ಬಿಯೊಳಗೆ ಒಂದು ಕಣವೂ ಇಲ್ಲ. ಅಜ್ಜನ ಚೀಲ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು, ಬೋರ್ಡಿಗೆ ಉಸಿರು ಕಟ್ಟಿದ್ದೊಂದೇ ತಪ್ಪು. ಚೀಲ ಸುತ್ತಬೇಡಿ ಎಂದರೆ ಅಜ್ಜ ಹೂಂ ಎನ್ನುತ್ತಾರೆ, ನಾನು ಬಸ್ಸು ಹತ್ತಿದೊಡನೆ ಸುತ್ತುತ್ತಾರೆ. ಆದ್ದರಿಂದ ಬೋರ್ಡನ್ನು ಒಲೆಗೆ ತಕ್ಕಂತೆ ಆರಿಸಿದರೆ ಸಾಲದು, ಅಜ್ಜನಿಗೂ ತಕ್ಕಂತೆ ಆರಿಸಬೇಕು.

ಸೋಮವಾರ ಬೆಂಗಳೂರಿನ ಅಂಗಡಿಯೊಂದಕ್ಕೆ ಫೋನು ಹಚ್ಚಿದೆ. ಹುಡುಗರ ಮಾತಿಗೆ ಅವರು ಕಿವಿಗೊಡುವುದಿಲ್ಲವೆಂದು ಮಾಲಕರ ದಪ್ಪ ದನಿ ತೆಗೆದೆ. ಸಿರಾಮಿಕ್, ಅಂದರೆ ಪಿಂಗಾಣಿಯಂಥ ಬೋರ್ಡು ಇದೆ, ಕುಲುಮೆಯ ಬಿಸಿಯನ್ನೂ ತಾಳುತ್ತದೆ ಎಂದರು. ಅದು ಕೈಜಾರಿದರೆ ಹಪ್ಪಳ, ಬೇಡವೆಂದೆ. ಪಾಲಿಮೈಡ್ ಎಂಬ ಪ್ಲಾಸ್ಟಿಕ್ಕಿನದು ಇದೆ, ಇನ್ನೂರೈವತ್ತರವರೆಗೂ ಚಿಂತೆಯಿಲ್ಲ, ಆದರೆ ಬರಲು ಎರಡು ವಾರ ಎಂದರು. ಗುರುವಾರದ ಪೇಟೆ ಎರಡು ವಾರ ಕಾಯುವುದಿಲ್ಲ. ಕೊನೆಗೆ ಹಸಿರು ಬೋರ್ಡಿನದೇ ಗಟ್ಟಿ ತಮ್ಮ, ನೂರೆಪ್ಪತ್ತರವರೆಗೂ ಮೆತ್ತಗಾಗದ್ದು, ದಪ್ಪ ತಾಮ್ರದ್ದು ಸಿಕ್ಕಿತು. "ಇವತ್ತ ಬಸ್ಸಿಗೆ ಹಾಕ್ರಿ, ನಿಮ್ಮ ಕಾಲಿಗೆ ಬೀಳ್ತೀನ್ರಿ" ಎಂದು ಫೋನಿಟ್ಟು ತಿರುಗಿದರೆ ಮಾಲಕರು ಹಿಂದೆಯೇ ನಿಂತಿದ್ದಾರೆ.

"ದನಿ ಬರೋಬ್ಬರಿ ಬಂದೈತಿ. ಆದ್ರ ನಾ ಇಷ್ಟು ಬೇಡ್ಕೊಳ್ಳಂಗಿಲ್ಲಲೇ" ಎಂದರು.

ಮಂಗಳವಾರ ಬೆಳಿಗ್ಗೆ ಬಸ್ಸಿನಿಂದ ಪಾರ್ಸೆಲ್ ಇಳಿಸಿಕೊಂಡೆ. ಗೆರೆ ಬರೆದು, ಬೇಡದ ತಾಮ್ರ ತೆಗೆದು, ಬಿಸಿ ತಾಳುವ ಬಿಡಿಭಾಗಗಳನ್ನೇ ಹುಡುಕಿ ಕೂರಿಸಿದೆ. ಬೋರ್ಡು ತಾಳಿದರೂ ಅದರ ಮೇಲೆ ಕೂತವರು ತಾಳಬೇಕಲ್ಲ! ಮಾಲಕರು ಅಣಕಿಸದೆ ಸಹಾಯ ಮಾಡಿದರು, ನಾನಾಗಿದ್ದರೆ ಖಂಡಿತ ಅಣಕಿಸುತ್ತಿದ್ದೆ. ಸಂಜೆಯೊಳಗೆ ಅಕ್ಕನ ಹೊಲದಲ್ಲಿ ಡಬ್ಬಿಯನ್ನು ಕೊಳವೆಯಿಂದ ಒಂದು ಮೊಳ ದೂರ ಸರಿಸಿ, ಅದರ ಸುತ್ತ ನಾಲ್ಕು ಬೆರಳು ಬಿಟ್ಟು ತಗಡಿನ ಗೂಡು ಕಟ್ಟಿದೆ. ಕೆಳಗೆ ಗಾಳಿಗೆ ಜಾಗ ಬಿಟ್ಟೆ.

"ಅಜ್ಜಾರ, ಈಗ ಈ ಗೂಡಿನ ಮ್ಯಾಲೆ ನಿಮ್ಮ ಚೀಲ ಹೊದಸ್ರಿ. ಕೆಳಗ ಮಾತ್ರ ಸುತ್ತಬ್ಯಾಡ್ರಿ."

"ಕಾಲು ಹೊರಗ ಬಿಟ್ಟು ಮಲಗಿಸಂತಿ?"

"ಹೂನ್ರಿ. ಶೆಕಿ ಆಗ್ತೈತಲ್ರಿ ಅದಕ್ಕ."

ಅಜ್ಜ ಹೊದಿಸಿದರು. ಮೀಟರು ನೂರಾಹತ್ತು ತೋರಿಸಿ, ಅಲ್ಲೇ ನಿಂತಿತು. ಮೂವರೂ ಅದನ್ನೇ ನೋಡುತ್ತ ಕೂತು ಎರಡು ಸಲ ಚಹಾ ಕುಡಿದೆವು. ಅಂಕಿ ಅಲುಗಲಿಲ್ಲ. "ಒಳಗ ಗಾಜಿನ ಬಟ್ಟಿ ಐತ್ರಿ, ಇದಕ್ಕೇನೂ ಆಗಂಗಿಲ್ರಿ" ಎಂದು ನಾನು ಅಜ್ಜನ ಮುಂದೆ ಮತ್ತೆ ಎದೆ ಬಡಿದುಕೊಂಡೆ. ಅಕ್ಕ ಎದ್ದು ತಟ್ಟೆಗಳಿಗೆ ಕಾಯಿ ಹರವತೊಡಗಿದಳು.

ಗುರುವಾರ ನಾನೂ ರಜೆ ಹಾಕಿ ಬ್ಯಾಡಗಿ ಪೇಟೆಗೆ ಹೋದೆ. ಘಾಟಿಗೆ ಸೀನುತ್ತ, ಕೆಂಪು ರಾಶಿಗಳ ನಡುವೆ ಅವರನ್ನು ಹುಡುಕಿದೆ. ಅಕ್ಕನ ಕಾಯಿ ಗರಿಗರಿ, ಸುಕ್ಕು ಸುಕ್ಕು, ಒಂದೂ ಕರ್ರಗಿರಲಿಲ್ಲ. ವ್ಯಾಪಾರಿಯೊಬ್ಬರು ಒಂದನ್ನು ಮುರಿದು, ಬಣ್ಣ ನೋಡಿ, ಮತ್ತೊಂದನ್ನು ಮುರಿದರು. ಯಾವ ಕಣದಲ್ಲಿ ಒಣಗಿಸಿದ್ದು ಎಂದು ಕೇಳಿದರು.

ಅಕ್ಕ ಬಾಯಿ ತೆರೆಯುವ ಮೊದಲೇ ಅಜ್ಜ ಮುಂದೆ ಬಂದರು. ಎದೆಯುಬ್ಬಿಸಿ, ಕುತ್ತಿಗೆ ಸ್ವಲ್ಪ ಓರೆ ಮಾಡಿ, ಮೂಗಿನಲ್ಲೇ ಮಾತೆಳೆದರು: "ಮಷೀನ್ದಾಗ್ರೀ! ಒಳಗ ಗಾಜಿನ ಬಟ್ಟಿ ಐತ್ರಿ! ಇದಕ್ಕೇನೂ ಆಗಂಗಿಲ್ರಿ!"

ಹಮಾಲರೆಲ್ಲ ಹೋ ಎಂದು ನಕ್ಕರು. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ನನ್ನ ಕುತ್ತಿಗೆ ಓರೆಯೆಂದು ನನಗೆ ಅಂದೇ ಗೊತ್ತಾಯಿತು.