ಪರದೆಯ ಮೇಲೆ ನಿಂತ ಎಮ್ಮೆ

ನಾನು ಚಿಕ್ಕವಳಿದ್ದಾಗ ಓದು ಕಲಿಯಲಿಲ್ಲ, ದೊಡ್ಡವಳಾದ ಮೇಲೆ ಕಂಪ್ಯೂಟರು ಕಲಿಸಿತು ಎಂದು ನನ್ನ ಮಗ, ನಿಮ್ಮ ಅಪ್ಪ, ಬಂದವರಿಗೆಲ್ಲ ಹೇಳುತ್ತಾನೆ. ಸುಳ್ಳು. ಎರಡು ತಿಂಗಳು ಅದರ ಮುಂದೆ ಕೂತು ನಾನು ಒಂದಕ್ಷರವನ್ನೂ ಕಲಿಯಲಿಲ್ಲ. ಕಲಿತಿದ್ದೇನೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದೆ, ಅಷ್ಟೇ.

ಚಿಕ್ಕಂದಿನಲ್ಲಿ ದನ ಕಾಯ್ದೆ. ಆಮೇಲೆ ಮದುವೆ, ಮಕ್ಕಳು, ಗದ್ದೆ ಕೆಲಸ. ಗಣಿ ಜೋರಾಗಿದ್ದ ಕಾಲ ಅದು. ಕುರುಗೋಡು ಕಡೆಯ ನಮ್ಮ ರಸ್ತೆಯಲ್ಲಿ ಅದಿರು ಲಾರಿಗಳು ಸಾಲುಗಟ್ಟಿ ಓಡುತ್ತಿದ್ದವು. ಆಗ ನಮ್ಮೂರ ಪಂಚಾಯಿತಿಯ ಹಿಂದಿನ ಕೋಣೆಗೆ ಒಂದು ಕಂಪ್ಯೂಟರು ಬಂತು, ಓದು ಬಾರದ ಹೆಂಗಸರಿಗೆ ಅಂತ. ಬಳ್ಳಾರಿಯ ಗಾಂಧಿನಗರದಿಂದ ಟೀಚರಮ್ಮ ಮೊದಲ ಬಸ್ಸಿಗೆ ಬರುತ್ತಿದ್ದಳು. ಇಳಿದವಳೇ ತಲೆಯ ಮೇಲಿನ ಕೆಂಪು ಧೂಳು ಕೊಡವಿಕೊಂಡು ಬೀಗ ತೆಗೆಯುತ್ತಿದ್ದಳು. ನಾನು, ನಮ್ಮ ಅಕ್ಕ, ಇನ್ನೂ ಹತ್ತು ಹೆಂಗಸರು ಜಮಖಾನೆಯ ಮೇಲೆ ಕೂರುತ್ತಿದ್ದೆವು. ಒಂಬತ್ತಕ್ಕೆ ಟೆಂಪೋ ಹತ್ತಿ ಸಿರುಗುಪ್ಪದ ಕಡೆ ಭತ್ತದ ಸಸಿ ಹಚ್ಚಲು ಹೋಗಬೇಕು. ನನಗೆ ಆಗಲೇ ನಲವತ್ತು ದಾಟಿತ್ತು. ಈ ಶಾಲೆ ತಪ್ಪಿದರೆ ನನ್ನ ಪಾಲಿಗೆ ಇನ್ನೊಂದು ಶಾಲೆ ಇರಲಿಲ್ಲ.

ಆ ಪೆಟ್ಟಿಗೆ ಗುಂಯ್ ಎಂದು ಶುರುವಾದರೆ ನನ್ನ ಎದೆಯೂ ಗುಂಯ್ ಅನ್ನುತ್ತಿತ್ತು. ಪರದೆಯ ಮೇಲೆ ಒಂದು ಚಿತ್ರ, ಅದರ ಕೆಳಗೆ ದಪ್ಪ ಅಕ್ಷರ. ಒಳಗಿನಿಂದ ಒಬ್ಬ ಹೆಂಗಸು "ಬಾವಿ" ಅನ್ನುತ್ತಿದ್ದಳು, ನಾವೆಲ್ಲ "ಬಾವಿ" ಅನ್ನುತ್ತಿದ್ದೆವು. ಗದ್ದೆಯಲ್ಲಿಯೂ ನಮ್ಮದು ಹೀಗೇ ತಾನೇ? ಕೆಸರಿನಲ್ಲಿ ಹಿಂದೆ ಹಿಂದೆ ಹೆಜ್ಜೆ ಇಡುತ್ತ ನಾನು ಒಂದು ಸಾಲು ಹಾಡುತ್ತಿದ್ದೆ, ಉಳಿದವರು ಅದನ್ನೇ ಎತ್ತಿಕೊಳ್ಳುತ್ತಿದ್ದರು. ಒಂದೆರಡು ಸಲ ಕೇಳಿದ ಹಾಡು ನಮಗೆ ಮರೆಯುತ್ತಿರಲಿಲ್ಲ. ತಿಂಗಳಾಗುವಷ್ಟರಲ್ಲಿ ಪೆಟ್ಟಿಗೆಯ ಹೆಂಗಸು ಬಾಯಿ ತೆರೆಯುವ ಮೊದಲೇ ನಾವು ಹೇಳಿಬಿಡುತ್ತಿದ್ದೆವು. ಟೀಚರಮ್ಮ ಚಪ್ಪಾಳೆ ತಟ್ಟುತ್ತಿದ್ದಳು. ಓದು ಅಂದರೆ ಇದೇ ಎಂದು ನಾವೂ ನಂಬಿದ್ದೆವು. ಎಷ್ಟು ಹಿಗ್ಗು ಅಂತೀರಿ!

ನಮ್ಮ ಓದು ನೋಡಲು ಬಳ್ಳಾರಿಯಿಂದ ಸಾಹೇಬರು ಬಂದ ದಿನ ಹಬ್ಬದ ಸೀರೆ ಉಟ್ಟು, ಮಲ್ಲಿಗೆ ಮುಡಿದು ಹೋದೆವು. ಕೋಣೆಯಲ್ಲಿ ಉಸಿರು ಕಟ್ಟುವಷ್ಟು ಹೂವಿನ ವಾಸನೆ. ನಾನೇ ಮೊದಲು ಎತ್ತಿದೆ. ಬಾವಿ, ಹಗ್ಗ, ಕೊಡ, ನೀರು, ಎಮ್ಮೆ! ದನಿ ಏರಿತು. ಅಕ್ಕ ಕಣ್ಣು ಮುಚ್ಚಿ ತೂಗತೊಡಗಿದಳು. ನಾನೂ ಮುಚ್ಚಿದೆ. ಕರು, ಹಾಲು, ಮೊಸರು, ರೊಟ್ಟಿ! ಮೈ ಜುಮ್ಮೆಂದಿತು.

ಕಣ್ಣು ಬಿಟ್ಟರೆ ಟೀಚರಮ್ಮನ ಮುಖ ಬಿಳಿಚಿಕೊಂಡಿತ್ತು. ಕಂಪ್ಯೂಟರು ಯಾವಾಗಲೋ ನಿಂತುಬಿಟ್ಟಿತ್ತು. ಪರದೆಯ ಮೇಲೆ ಇನ್ನೂ ಎಮ್ಮೆಯೇ ಇತ್ತು.

"ಎಮ್ಮಿ ಅಲ್ಲೇ ನಿಂತೈತಲ್ಲವಾ, ನೀವು ರೊಟ್ಟಿ ತನಕ ಹೋಗಿಬಂದ್ರಿ" ಎಂದರು ಸಾಹೇಬರು. ಎದ್ದು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಏನೋ ಬರೆದರು. "ಇದನ್ನ ಓದ್ರಿ ನೋಡಾನ."

ನಾವೆಲ್ಲ ಆ ಬಿಳಿ ಗೆರೆಗಳ ಮೇಲೆ ಕೆಳಗೆ ಹುಡುಕಿದೆವು. ಕೊನೆಗೆ ಅಕ್ಕ, "ಚಿತ್ರ ಎಲ್ಲೈತ್ರಿ ಸಾಹೇಬ್ರ? ಚಿತ್ರ ಬರದ್ರ ಹೇಳ್ತೀವಿ" ಅಂದಳು.

ಸಾಹೇಬರು ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಟೀಚರಮ್ಮನಿಗೆ, "ಈ ಕಂಪ್ಯೂಟರ್‌ನ ಬ್ಯಾರೆ ಊರಿಗೆ ಕಳಿಸೋದು ಚಲೋ" ಎಂದರು.

ನಾನು ಎದ್ದು ನಿಂತೆ. "ಎಂಟು ದಿನ ಕೊಡ್ರಿ."

"ಎಂಟು ದಿನದಾಗ ಏನ್ ಮಾಡ್ತೀಯವಾ?"

"ಅದನ್ನ ಬಂದು ನೋಡ್ರಿ."

"ಆತು. ಚಿತ್ರ ಇಲ್ದ ಒಬ್ಬಾಕಿ ಓದಿದ್ರೂ ಸಾಕು, ಇಲ್ಲೇ ಇರ್ಲಿ."

ಆ ದಿನ ಗದ್ದೆಯಲ್ಲಿ ನಾನು ಹಾಡಲಿಲ್ಲ. "ಯಾಕ, ಬಾಯಾಗ ಕೆಸರು ಹೊಕ್ಕೈತೇನ?" ಎಂದು ಅಕ್ಕ ಕೆಣಕಿದಳು. "ಮುಂದ ಹಾಡಿದಾಕಿ ನೀನ. ಕಂಪ್ಯೂಟರ್ ಸಾಲಿ ಹೋದ್ರ ನಿನ್ನಿಂದನ ಹೋತು, ನೋಡು." ನನಗೆ ಸಿಟ್ಟು ಬರಲಿಲ್ಲ. ತಲೆಯಲ್ಲಿ ಒಂದು ಉಪಾಯ ಹೊಳೆದಿತ್ತು. ಯಾವಾಗ ಬೆಳಗಾದೀತು ಎಂದು ಜೀವ ಕುಣಿಯುತ್ತಿತ್ತು.

ನಿಮಗೆ ಈಗ ಒಬ್ಬೊಬ್ಬರಿಗೆ ಒಂದೊಂದು ಫೋನು. ಕೇಳಿದ್ದನ್ನು ಅದೇ ಓದಿ ಹೇಳುತ್ತದೆ, ಚಿತ್ರವನ್ನೂ ತೋರಿಸುತ್ತದೆ. ನೀವು "ಗೊತ್ತಾಯ್ತಜ್ಜಿ" ಅನ್ನುತ್ತೀರಿ. ನಾನೂ ಎರಡು ತಿಂಗಳು ಹಾಗೇ ಅಂದಿದ್ದೆ. ಆದರೆ ನಮಗೆ ಇದ್ದದ್ದು ಹನ್ನೆರಡು ಜನಕ್ಕೆ ಒಂದೇ ಪರದೆ, ಅದೂ ಕೈಬಿಟ್ಟು ಹೋಗುವುದರಲ್ಲಿತ್ತು.

ಮರುದಿನ ಬೆಳಿಗ್ಗೆ ಬಸ್ಸು ಬರುವ ಮೊದಲೇ ಹೋಗಿ ಬಾಗಿಲ ಮುಂದೆ ಕೂತೆ. ಟೀಚರಮ್ಮ ಬೀಗ ತೆಗೆದಳು. ನಾನು ಒಳಗೆ ಹೋಗಿ ಸ್ಪೀಕರಿನ ವೈರು ಕಿತ್ತು ಪಕ್ಕಕ್ಕಿಟ್ಟೆ. ಪರದೆಯ ಮೇಲಿನಿಂದ ಟವೆಲು ಇಳಿಬಿಟ್ಟು ಚಿತ್ರ ಮುಚ್ಚಿದೆ. ಕೆಳಗಿನ ಅಕ್ಷರಗಳಷ್ಟೇ ಉಳಿದವು.

"ಈಗ ಹಚ್ರಿ ಟೀಚರಮ್ಮ. ಮೊದ್ಲಿಂದ ಬ್ಯಾಡ, ನಡುವ ಎಲ್ಲಿಂದರ ಹಚ್ರಿ" ಎಂದೆ.

ಎರಡು ಅಕ್ಷರ ಬಂದು ನಿಂತವು. ಹಾಡು ತಾನಾಗಿ ಹೊರಬರದಂತೆ ನಾನು ಬಾಯಿ ಬಿಗಿಹಿಡಿದು, ಮೊದಲನೆಯದರ ಮೇಲೆ ಬೆರಳಿಟ್ಟೆ.