ಬೇಸಿಗೆಯಲ್ಲಿ ಭೂಮಿ ಹುಣ್ಣಿಮೆ

ವೈಶಾಖದ ಉರಿಬಿಸಿಲಲ್ಲಿ ದುಗ್ಗಮ್ಮ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು ಚಿತ್ತಾರ ಬರೆಯಲು ಕೂತಾಗ, ಅತ್ತೆಗೆ ಅರುಳುಮರುಳು ಶುರುವಾಯಿತೆಂದೇ ಸೊಸೆ ಹಾಲಮ್ಮನಿಗೆ ಅನ್ನಿಸಿತು. ಭೂಮಿ ಹುಣ್ಣಿಮೆ ಬರುವುದು ಮಳೆಗಾಲ ಕಳೆದ ಮೇಲೆ, ಭತ್ತದ ತೆನೆಗೆ ಹಾಲು ತುಂಬುವ ಹೊತ್ತಿಗೆ. ಭೂಮಿತಾಯಿ ಬಸುರಿ ಎಂದು ಚಿತ್ತಾರದ ಬುಟ್ಟಿಯಲ್ಲಿ ಅಡುಗೆ ಹೊತ್ತುಕೊಂಡು ಹೋಗಿ, ಗದ್ದೆಗೆ ಬಯಕೆಯೂಟ ಬಡಿಸಿ, ತಾವೂ ಅಲ್ಲೇ ಉಂಡು ಬರುವ ಹಬ್ಬ ಅದು. ಬಿರುಕುಬಿಟ್ಟ ನೆಲಕ್ಕೆ ಯಾವ ಬಯಕೆ?

“ಊರೋರು ನಗ್ತಾರೆ ಅತ್ತೆ,” ಎಂದಳು ಹಾಲಮ್ಮ.

“ನಕ್ರೆ ಅವ್ರ ಹಲ್ಲು ಕಾಣ್ತದೆ. ನಂಗೆಂತ?”

ಅರವತ್ತು ದಾಟಿದ ದುಗ್ಗಮ್ಮನ ಬಾಯಿಗೆ ಎದುರಾಡಿ ಗೆದ್ದವರು ಊರಲ್ಲೇ ಇರಲಿಲ್ಲ. ಆದರೆ ಒಳಗೊಳಗೆ ಅವಳಿಗೊಂದು ಹೆದರಿಕೆಯಿತ್ತು. ತೀರಿಹೋದ ತನ್ನ ಅತ್ತೆಗೆ ಕೊಟ್ಟ ಮಾತು ಮೂರು ವರ್ಷದಿಂದ ತಪ್ಪಿತ್ತು. ಈ ಸಲವೂ ತಪ್ಪಿದರೆ, ಮುಂದಿನ ಬೇಸಿಗೆಗೆ ತಾನಿರುತ್ತೇನೆಂದು ಯಾರು ಕಂಡರು?

ಮೂರು ವರ್ಷದ ಹಿಂದೆ ಲಿಂಗನಮಕ್ಕಿಯಲ್ಲಿ ಶರಾವತಿಗೆ ಅಣೆಕಟ್ಟೆ ಕಟ್ಟಿದಾಗ ಅವಳ ಊರು ಮುತ್ತಲಕೊಪ್ಪ ಮುಳುಗಿತು. ಮನೆ, ಗದ್ದೆ, ದಿಬ್ಬದ ಮೇಲಿನ ದೊರೆಗಳ ಇಗರ್ಜಿ, ಎಲ್ಲ ನೀರಿನೊಳಗೆ. ಜನರನ್ನು ಲಾರಿ ಹತ್ತಿಸಿ ಆನಂದಪುರದ ಕಡೆ ಇಳಿಸಿದರು.

ಇಗರ್ಜಿಯೆಂದರೆ ದೊಡ್ಡ ಚರ್ಚೇನಲ್ಲ. ಎಪ್ಪತ್ತು ವರ್ಷದ ಹಿಂದೆ ಮರ ಕಡಿಸಲು ಬಂದ ಬಿಳಿ ದೊರೆಯೊಬ್ಬ ಜಂಬಿಟ್ಟಿಗೆಯಲ್ಲಿ ಕಟ್ಟಿಸಿದ್ದು. ಊರವರೆಲ್ಲ ದೀವರು, ಪ್ರಾರ್ಥನೆಗೆ ಕೂರುತ್ತಿದ್ದವರು ದೊರೆ, ದೊರೆಸಾನಿ ಮತ್ತು ಅವರ ಬಟ್ಲರ್. ದೊರೆಸಾನಿ ಹೆತ್ತು ಜ್ವರ ಹಿಡಿದು ಮಲಗಿದಾಗ ಕೂಸಿಗೆ ಹಾಲೂಡಿದವಳು ದುಗ್ಗಮ್ಮನ ಅತ್ತೆ ಹುಲಿಯಮ್ಮ. ಎಂಟು ತಿಂಗಳಿಗೆ ಕೂಸು ತೀರಿಕೊಂಡಿತು. ಇಗರ್ಜಿಯ ಹಿಂದೆ ಹುಗಿದು ಕಲ್ಲು ನೆಟ್ಟು ದೊರೆ ಊರು ಬಿಟ್ಟ. ಹುಲಿಯಮ್ಮ ಬಿಡಲಿಲ್ಲ. ಪ್ರತಿ ಭೂಮಿ ಹುಣ್ಣಿಮೆಗೆ ಗದ್ದೆಗೆ ಬಡಿಸಿದ ಮೇಲೆ ಆ ಕಲ್ಲಿಗೂ ಒಂದು ಪಾಲು ಇಟ್ಟು ಬರುತ್ತಿದ್ದಳು. ಸಾಯುವಾಗ ಸೊಸೆಯ ಕೈ ಹಿಡಿದು, “ನನ್ ಹಾಲು ಕುಡಿದದ್ದು ಅದು. ಉಪವಾಸ ಕೆಡವಬೇಡ ದುಗ್ಗಿ,” ಎಂದಿದ್ದಳು.

ಭೂಮಿ ಹುಣ್ಣಿಮೆಯ ಹೊತ್ತಿಗೆ ಹಿನ್ನೀರು ತುಂಬಿ ತುಳುಕುತ್ತದೆ. ಬೇಸಿಗೆಯ ಕೊನೆಯಲ್ಲಷ್ಟೇ ಇಳಿಯುತ್ತದೆ. ಈ ಸಲ ಇಗರ್ಜಿಯ ಗೋಡೆ ನೀರಿನಿಂದ ಮೇಲೆದ್ದಿದೆ ಎಂದು ಅಲ್ಲಿ ದೋಣಿ ನಡೆಸುವ, ಅದೇ ಊರಿನ ಜಟ್ಟಿಂಗಪ್ಪ ಹೇಳಿಕಳಿಸಿದ್ದ. ನೀರು ಹಬ್ಬಕ್ಕಾಗಿ ಕಾಯದಿದ್ದರೆ ನೀರಿಗಾಗಿ ಹಬ್ಬವೇ ಕಾಯಬೇಕು ಎಂದುಕೊಂಡು ದುಗ್ಗಮ್ಮ ಬೆಳಿಗ್ಗೆಯ ಬಸ್ಸು ಹತ್ತಿದಳು. ಬುಟ್ಟಿಯಲ್ಲಿ ಎರಡು ಪಾಲು ಕೊಟ್ಟೆ ಕಡುಬು, ಬೆರಕೆ ಸೊಪ್ಪಿನ ಪಲ್ಯ: ಕೂಸಿಗೊಂದು, ತನಗೊಂದು.

ಜಟ್ಟಿಂಗಪ್ಪನ ದೋಣಿಯಿಂದಿಳಿದು, ಅವನ ಜೊತೆ ಕೆಸರಲ್ಲಿ ಕಾಲು ಕಿತ್ತಿಡುತ್ತ ದಿಬ್ಬ ಹತ್ತಿದಳು. ಇಗರ್ಜಿಗೆ ಸೂರಿರಲಿಲ್ಲ, ಬಾಗಿಲಿರಲಿಲ್ಲ. ಮುಂದಿನ ಮೂರು ಮೆಟ್ಟಿಲು ಮಾತ್ರ ಹಾಗೇ ಇದ್ದವು. ಗದ್ದೆ ಕೆಲಸದ ನಡುವೆ ಊರ ಹೆಂಗಸರು ಎಲೆಯಡಿಕೆ ಹಾಕುತ್ತ, ಅಲ್ಲಿಲ್ಲದ ಗಂಡಂದಿರನ್ನು ಬೈಯುತ್ತ ಕೂರುತ್ತಿದ್ದ ನೆರಳು ಅದು. ದುಗ್ಗಮ್ಮ ತನ್ನ ಮೂವರು ಮಕ್ಕಳಿಗೂ ಹಾಲೂಡಿದ್ದು ಅಲ್ಲೇ ಕೂತು. ಆ ದಿನಗಳು ಅವಳಿಗೆ ಬೇಕಾಗಿದ್ದವು, ಒಂದು ಮಧ್ಯಾಹ್ನದ ಮಟ್ಟಿಗಾದರೂ.

ಹಿಂದೆ ಹೋಗಿ ನೋಡಿದರೆ ಕೂಸಿನ ಕಲ್ಲು ಅರ್ಧ ಹೂಳಿನಲ್ಲಿತ್ತು. ಸೆರಗಿನಿಂದ ಒರೆಸಿ, ಬಾಳೆಯೆಲೆಯ ಮೇಲೆ ಕಡುಬು ಬಡಿಸಿದಳು.

“ಮೂರು ವರ್ಷ ಹಸಿದಿದ್ದೆ ಅಲ್ವಾ ಮಗಾ. ಉಣ್ಣು,” ಎಂದಳು.

ಎದೆಯ ಭಾರ ಇಳಿಯಿತು. ತಾನೂ ಉಣ್ಣೋಣವೆಂದು ಮೆಟ್ಟಿಲಿಗೆ ಬಂದು ಕೂತಾಗ ಕೆಳಗೆ ಕಣ್ಣು ಹೋಯಿತು. ನೀರಿನಂಚಿನಲ್ಲಿ, ಒಣಗಿದ ಕೆಸರಿನ ನಡುವೆ, ಗದ್ದೆಯ ಅಂಚುಗಳು ಗೆರೆಗೆರೆಯಾಗಿ ಎದ್ದಿದ್ದವು.

“ಜಟ್ಟಿಂಗಾ, ಅದು ನಮ್ದಲ್ವಾ?”

“ನಿಮ್ದೇ ದುಗ್ಗಕ್ಕ. ಮೇಲಿನ ಮೂರು ಗದ್ದೆ ಕಾಣ್ತಾವೆ. ಇನ್ನು ಹದಿನೈದಿಪ್ಪತ್ತು ದಿನ. ಮಳೆ ಹಿಡಿದ್ರೆ ಮತ್ತೆ ಒಳಗೆ.”

ದುಗ್ಗಮ್ಮ ಬಿಚ್ಚಿದ ಕಡುಬು ಕೈಯಲ್ಲೇ ಹಿಡಿದು ಕೂತಳು. ಲಾರಿ ಹತ್ತಿದ ದಿನವೇ ಗದ್ದೆ ಸತ್ತಿತೆಂದು ಅತ್ತು ಮುಗಿಸಿದ್ದಳು. ಸತ್ತವಳಿಗೆ ಬಯಕೆ ಎಲ್ಲಿಯದು ಎಂದು ಅದರ ಪಾಲನ್ನೇ ತಂದಿರಲಿಲ್ಲ. ನಲವತ್ತು ವರ್ಷ ಅನ್ನ ಹಾಕಿದ ನೆಲ ಕಣ್ಣೆದುರು ಬರಿಹೊಟ್ಟೆಯಲ್ಲಿ ಬಿದ್ದಿತ್ತು. ಅವಳಿಗೆ ನಾಚಿಕೆಯಾಯಿತು.

“ಹಾಲು ಕುಡಿದ ಕೂಸಿಗೆ ತಂದೆ. ಹಾಲು ಕೊಟ್ಟ ಭೂಮಿತಾಯಿನೇ ಮರೆತೆ ನೋಡು,” ಎಂದು ಎದ್ದಳು.

ಬುಟ್ಟಿ ಎತ್ತಿಕೊಂಡು ದಿಬ್ಬ ಇಳಿದು, ತನ್ನ ಪಾಲಿನ ಕಡುಬನ್ನು ಒಂದು ಚೂರೂ ಉಳಿಸದೆ ಮೂರು ಗದ್ದೆಗೂ ಚೆಲ್ಲಿದಳು. ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ತಿರುಗಿ ಮೆಟ್ಟಿಲಿಗೆ ಬಂದಾಗ ಬುಟ್ಟಿ ಖಾಲಿ.

ಜಟ್ಟಿಂಗಪ್ಪ ತನ್ನ ಗಂಟು ಬಿಚ್ಚಿ ರೊಟ್ಟಿಯೊಂದನ್ನು ಮುರಿದು ಅವಳ ಕೈಗಿಟ್ಟ. “ಬಡಿಸಿದ ಮೇಲೆ ಉಣ್ಣದೆ ಹೋಗ್ಬಾರ್ದು ಅಂತ ನೀವೇ ಹೇಳ್ತಿದ್ರಿ.”

ಇಬ್ಬರೂ ಇಗರ್ಜಿಯ ಮೆಟ್ಟಿಲ ಮೇಲೆ ಕೂತು ಗದ್ದೆ ನೋಡುತ್ತ ಉಂಡರು.

“ಬರೋ ವರ್ಷ ಬರ್ತೀರಾ ದುಗ್ಗಕ್ಕ?”

“ನೀರು ಬಿಟ್ರೆ ಬರ್ತೀನಿ,” ಎಂದಳು ದುಗ್ಗಮ್ಮ. “ಮೂರು ಪಾಲು ತರ್ತೀನಿ.”