ಮೊಂತಿ ಹಬ್ಬದ ತೆನೆ ಸಿಕ್ಕಿದ್ದು ಹೀಗೆ

ಮುಂಬೈಯಿಂದ ಬಂದ ನನ್ನ ಭಾವನಿಗೆ ಈ ಸಲ ಹೆರಿಟೇಜ್ ಹಿಡಿದಿತ್ತು. ಹೋದ ಸಲ ಬಂದಾಗ ಯೋಗ ಹಿಡಿದಿತ್ತು. ಅದು ಬೇಗನೇ ಬಿಟ್ಟಿತು (ಸೊಂಟನೋವು ಮಾತ್ರ ತಿಂಗಳಾದರೂ ಬಿಡಲಿಲ್ಲ).

"ಹುಟ್ಟಿದ್ ಊರಿನ ಇತಿಹಾಸವೇ ನಂಗ್ ಗೊತ್ತಿಲ್ಲೆ ಅಂದ್ರೆ ನಾಚ್ಕಿ ಅಲ್ದಾ?" ಎಂದರು, ಮತ್ತೊಂದು ನೀರುದೋಸೆ ಮಡಚುತ್ತ.

ನಾಚಿಕೆಯೇ ಸರಿ. ಕಾರು ತೆಗೆದೆ. ಮೊದಲು ಬಸ್ರೂರಿನ ಆಚೆಗಿನ ಹಳ್ಳಿಯೊಂದರ ಹಳೆಯ ಇಗರ್ಜಿ (ಚರ್ಚು), ಆಮೇಲೆ ಬಸ್ರೂರಿನ ಕೆರೆ, ಶಾಸನ, ಕೋಟೆಯ ಅವಶೇಷ, ಸಂಜೆ ಬೀಜಾಡಿ ಬೀಚು. ಇತಿಹಾಸ ನೋಡಿದವರಿಗೂ ಗಾಳಿ ಬೇಕಲ್ಲ?

ಹಳ್ಳಿಯ ಹೆಸರು ಹೇಳುವುದಿಲ್ಲ. ಕಾರಣ ತಮಗೇ ತಿಳಿಯುತ್ತದೆ.

ದಪ್ಪ ಕೆಂಪುಕಲ್ಲಿನ ಗೋಡೆ, ಮರದ ಪೀಠ, ಕಾಲಿಗೆ ಹಿತವಾಗುವ ತಣ್ಣನೆಯ ನೆಲ. ಭಾವ ಗೋಡೆ ಮುಟ್ಟಿ "ಪೋರ್ಚುಗೀಸ್!" ಎಂದರು. ಗಂಟೆ ನೋಡಿ "ಪೋರ್ಚುಗೀಸ್!" ಎಂದರು. ಸೀಲಿಂಗ್ ಫ್ಯಾನಿಗೂ ಅದೇ ಗೌರವ ಸಂದಿತು. ನಾನು ಗಂಭೀರವಾಗಿ ತಲೆಯಾಡಿಸಿದೆ. ಪ್ರವಾಸಿಯ ಸಂತೋಷಕ್ಕೆ ಗೈಡ್ ಅಡ್ಡ ಬರಬಾರದು.

ಹೊರಗೆ ಮೆಟ್ಟಿಲ ಮೇಲೆ ಸಿಲ್ವೆಸ್ಟರ್ ಪೊರ್ಬುಗಳು ತಲೆಯ ಮೇಲೆ ಕೈಹೊತ್ತು ಕೂತಿದ್ದರು. ನನ್ನ ಹಳೆಯ ಪರಿಚಯ (ಕ್ರೈಸ್ತ ಹಿರಿಯರನ್ನು ನಮ್ಮ ಕಡೆ ಗೌರವದಿಂದ ಪೊರ್ಬುಗಳು ಎನ್ನುತ್ತೇವೆ). ಇಗರ್ಜಿಯ ಒಂದು ವಾರ್ಡಿಗೆ ಗುರಿಕಾರರು, ಅಂದರೆ ಮುಖಂಡರು. ಮರುದಿನ ಮೊಂತಿ ಹಬ್ಬ, ಅಂದರೆ ಮೇರಿ ಮಾತೆಯ ಹುಟ್ಟುಹಬ್ಬ. ಅಂದು ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಅದರ ಅಕ್ಕಿಕಾಳು ಪಾಯಸಕ್ಕೆ ಬಿದ್ದ ಮೇಲೆಯೇ ಹೊಸಕ್ಕಿ ಊಟ. ತೆನೆ ತರುವ ಸರದಿ ಈ ವರ್ಷ ಪೊರ್ಬುಗಳ ವಾರ್ಡಿನದು.

"ನವಿಲ್ ಮಾರಾಯ್ರೆ!" ಎಂದರು ಪೊರ್ಬುಗಳು. "ಹಬ್ಬಕ್ಕಂದ್ ಇಟ್ಕಂಡ ಗದ್ದಿ ಪೂರಾ ಖಾಲಿ. ತಿಂದದ್ದಲ್ದೆ ನಮ್ಮನಿ ಹಂಚಿನ್ ಮೇಲೇ ಕೂತ್ಕಂಡ್ ಕೂಗ್ತ್ ಕಾಣಿ!"

"ಬೇರೆ ಗದ್ದೆಯ ತೆನೆ?"

"ಯಾರದ್ರಲ್ಲೂ ಇನ್ನೂ ಕದ್ರ್ ಬರ್ಲ. ನಾಳೆ ಅಷ್ಟೂ ಮನೆಯರ್ ಕೈ ಒಡ್ಡಿ ನಿಂತ್ರೆ ನಾನ್ ಎಂತ ಕೊಡುದ್? ಗರ್ಕಿ ಹುಲ್ಲಾ? ಆಚೆ ವಾರ್ಡಿನರ್ ಬಪ್ಪ ವರ್ಷದ ತನಕ ನೆಗಾಡ್ತ್ರ್!"

ಹೀಗೆ ಪೊರ್ಬುಗಳು ನಮ್ಮ ಕಾರು ಹತ್ತಿದರು. ಹೆರಿಟೇಜ್ ಟೂರಿನ ದಿಕ್ಕು ತಪ್ಪಿದ್ದು ಅಲ್ಲಿಂದ.

ಬಸ್ರೂರಿನ ಶಾಸನದ ಮುಂದೆ ಭಾವ ಮೊಬೈಲ್ ಹಿಡಿದು, "ಇದ್ರಲ್ ಎಂತ ಬರ್ದದ್?" ಎಂದರು. "ಅದಿರ್ಲಿ, ಅದ್ರ ಹಿಂದಿನ್ ಗದ್ದಿ ಕಾಣಿ!" ಎಂದರು ಪೊರ್ಬುಗಳು. ಕೆರೆಯ ಮೆಟ್ಟಿಲಲ್ಲಿ ನಿಂತು ನೋಡಿದ್ದೂ ಆಚೆ ದಡದ ಗದ್ದೆಯನ್ನೇ. "ಕೋಟೆ ಎಲ್ಲಿತ್ತ್?" ಎಂದು ಭಾವ ಕೇಳುವಷ್ಟರಲ್ಲಿ ಕೋಟೆ ಹಿಂದಕ್ಕೆ ಹೋಗಿತ್ತು.

ಒಂದು ಕಡೆ ಭಾವ "ನಿಲ್ಸಿ!" ಎಂದು ಕೂಗಿ, ಕೆಸರಿಗೆ ಹಾರಿ, ತೋಳ್ತುಂಬ ಹಸಿರು ಹಿಡಿದುಕೊಂಡು ಬಂದರು. ಮುಖದಲ್ಲಿ ದಂಡಯಾತ್ರೆ ಗೆದ್ದ ಕಳೆ.

"ಭಾವ, ಇದು ಭತ್ತ ಅಲ್ಲ."

"ಮತ್ತೆಂತ?"

"ಭತ್ತದ ವೇಷ ಕಟ್ಕಂಡ ಹುಲ್ಲ್," ಎಂದ ಪೊರ್ಬುಗಳು ಬೆಳಿಗ್ಗೆಯಿಂದ ಮೊದಲ ಬಾರಿಗೆ ನಕ್ಕರು.

ಹೊಳೆಬದಿಯ ತಿರುವಿನಲ್ಲಿ ಸಿಕ್ಕಿತು! ಬೇಗ ನಾಟಿಯಾದ ಒಂದೇ ಒಂದು ಗದ್ದೆ. ತೆನೆ ತೂಗುತ್ತಿತ್ತು. ಪೊರ್ಬುಗಳು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು. ಗದ್ದೆಯ ಒಡತಿ ಗಿರಿಜ ಶೆಡ್ತಿ ಜಗಲಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದರು. ವಿಷಯವೆಲ್ಲ ಕೇಳಿ ತಲೆ ಅಲ್ಲಾಡಿಸಿದರು.

"ಕೊಡುಕ್ ಆಪ್ದಿಲ್ಲೆ ಪೊರ್ಬುಗಳೇ. ನಮ್ಮನಿ ಹೊಸ್ತ್ ಇನ್ನೂ ಆಯ್ಲ. ಮೊದ್ಲಿನ್ ಕದ್ರ್ ನಾನೇ ಕೈಯಾರೆ ಹೊರ್ಗ್ ಕೊಟ್ರೆ ದೇವ್ರಿಗ್ ಎಂತ ಹೇಳುದ್?"

ಹೊಸ್ತು ಎಂದರೆ ನಮ್ಮ ಕಡೆಯ ಹೊಸಕ್ಕಿ ಹಬ್ಬ. ತೆನೆ ಮೊದಲು ಮನೆಯೊಳಗೆ ಬಂದು ಕಂಬಕ್ಕೆ ಏರಬೇಕು; ಅಲ್ಲಿಯವರೆಗೆ ಹೊರಗೆ ಕೊಡುವಂತಿಲ್ಲ. ಪೊರ್ಬುಗಳು ವಾದ ಮಾಡಲಿಲ್ಲ. ತೆನೆಯ ಬೆಲೆ ಗೊತ್ತಿದ್ದವರಲ್ಲವೇ? ಕೈಮುಗಿದು ಕಾರಿನತ್ತ ಹೊರಟರು. ಅಷ್ಟು ದೊಡ್ಡ ಆಳು ಅಷ್ಟು ಸಣ್ಣಗಾದದ್ದನ್ನು ನಾನು ಕಂಡಿರಲಿಲ್ಲ.

"ಹ್ವಾಯ್! ಎಲ್ಲಿಗ್ ಹೊರ್ಟ್ರಿ?" ಶೆಡ್ತಿಯ ದನಿ. "ಕೊಡುಕ್ ಆಪ್ದಿಲ್ಲೆ ಅಂದೆ, ಅಷ್ಟೇ. ಗದ್ದಿ ಇಲ್ದಿದ್ದರ್ ಹೊಸ್ತಿಗೆ ಇನ್ನೊಬ್ರ್ ಗದ್ದಿಂದ ಕಣ್ ತಪ್ಸಿ ಕೊಯ್ಕಂಡ್ ಹೋಪುದ್ ಹಿಂದಿಂದ್ಲೂ ಇತ್ತಲೆ? ಅದ್ಕ್ ಯಾರಾರೂ ಬೈತ್ರಾ? ನಾನೀಗ ಒಳ್ಗ್ ಹೋತೆ."

ಬಾಗಿಲು ಹಾಕಿಕೊಂಡಿತು.

ಮೂವರೂ ಮುಖ ನೋಡಿಕೊಂಡೆವು. ಪೊರ್ಬುಗಳು ಎರಡು ಹೆಜ್ಜೆ ಹಿಂದೆ ಸರಿದರು. "ನಾನಾ? ಹಬ್ಬದ ಹಿಂದಿನ್ ದಿನ? 'ಕದಿಯಬೇಡ' ಅಂದದ್ ದೇವ್ರೇ ಅಲ್ದಾ?" ಎಂದು ಬಾವಿಯ ಕಡೆ ಮುಖ ಮಾಡಿ ನಿಂತರು. ಉಳಿದ ಇಬ್ಬರನ್ನು ದೇವರು ಅಷ್ಟು ನೇರವಾಗಿ ತಡೆದಿರಲಿಲ್ಲವಾದ್ದರಿಂದ ನೇಮಕಾತಿ ಅವಿರೋಧವಾಗಿ ನಡೆಯಿತು.

ಗದ್ದೆಗಿಳಿದೆವು. ಕಿಟಕಿಯಿಂದ ಒಂದು ಕೈ ಹೊರಬಂದು ಕಟ್ಟೆಯ ಮೇಲೆ ಕತ್ತಿ ಇಟ್ಟು ಮರೆಯಾಯಿತು.

"ಹ್ವಾಯ್ ಕಳ್ರೇ, ಅಂಚಿನದ್ದ್ ಬೇಡ, ಜಳ್ಳ್! ನಡುವಿಗ್ ಹೋಯ್ನಿ!" ಕಿಟಕಿಯೇ ಮಾತಾಡಿತು.

"ಇಷ್ಟ್ ಸಾಕಾ?" ಭಾವ ಕಟ್ಟು ಎತ್ತಿ ತೋರಿಸಿದರು (ಕಳ್ಳನೊಬ್ಬ ಮನೆಯವರ ಅಭಿಪ್ರಾಯ ಕೇಳಿದ ಉದಾಹರಣೆ ಬೇರೆ ಇದ್ದರೆ ತಿಳಿಸಿ).

"ಇಡೀ ಇಗರ್ಜಿಗ್ ಅಷ್ಟ್ ಸಾಕಾತ್ತಾ? ಇನ್ನೂ ಒಂದ್ ಕಟ್ಟ್ ಕದ್ಕಣಿ!"

ಕದ್ದೆವು. ಕೊಟ್ಟದ್ದನ್ನು ತೆಗೆದುಕೊಳ್ಳುವಾಗ ಇರುವ ಸಂಕೋಚ ಕದಿಯುವಾಗ ಇರುವುದಿಲ್ಲ ಎಂದು ಅಂದೇ ಗೊತ್ತಾದದ್ದು.

ಮರುದಿನ ಇಗರ್ಜಿಯಲ್ಲಿ ಮಕ್ಕಳು ಮಾತೆಗೆ ಹೂವು ಹಾಕಿದರು, ತೆನೆಯ ಮೇಲೆ ತೀರ್ಥ ಬಿತ್ತು, ಪ್ರತಿ ಕೈಗೂ ತೆನೆ ಸಿಕ್ಕಿತು. ಆಚೆ ವಾರ್ಡಿನವರೂ ತೆನೆಯ ತೂಕ ನೋಡಿ ಹುಬ್ಬೇರಿಸಿದರು. ಪೊರ್ಬುಗಳ ಎದೆ ಅಂಗಿಯ ಗುಂಡಿಗಳನ್ನು ಪರೀಕ್ಷಿಸುತ್ತಿತ್ತು.

ಆಗ ಫಾದರ್ ಬಂದರು. "ಎಷ್ಟು ಚೆಂದದ ತೆನೆ ಗುರಿಕಾರರೇ! ಯಾರು ಕೊಟ್ಟದ್ದು?"

ಭಾವ ತುರ್ತಾಗಿ ಚಪ್ಪಲಿ ಹುಡುಕತೊಡಗಿದರು. ಹಬ್ಬದ ದಿನ ಸುಳ್ಳು ಹೇಳದ ಪೊರ್ಬುಗಳು ಕೈಕಟ್ಟಿ, "ಯಾರೂ ಕೊಡ್ಲ ಫಾದರ್," ಎಂದರು.

ತಮ್ಮದೇ ಗದ್ದೆಯದೆಂದು ಹೇಳಿಕೊಳ್ಳದ ವಿನಯವೆಂದು ತಿಳಿದು ಫಾದರ್ ಅವರ ಬೆನ್ನು ತಟ್ಟಿದರು.

ಕೊಯ್ದವರು ನಾವು, ಕತ್ತಿ ಇಟ್ಟವರು ಶೆಡ್ತಿ, ಬೆನ್ನು ತಟ್ಟಿಸಿಕೊಂಡವರು ಪೊರ್ಬುಗಳು, ಪಾಯಸ ಉಂಡದ್ದು ಇಡೀ ಊರು. ಹೇಳಿ, ಪಾಪನಿವೇದನೆಯ ಕ್ಯೂನಲ್ಲಿ ಮೊದಲು ಯಾರು ನಿಲ್ಲಬೇಕು?